ಆಕ್ಸೈಡ್ ಮೇಲ್ಮೈ ಮತ್ತು ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲವು ವರ್ಷ ಆಕ್ಸೈಡ್ ಪುಡಿಗಳ ಜೊತೆ ಕೆಲಸ ಮಾಡಿದ್ದೇನೆ. ಅಲ್ಯೂಮಿನಾ (ಅಲ್ಯೂಮಿನಿಯಂನ ಆಕ್ಸೈಡ್), ಸಿಲಿಕಾ (ಸಿಲಿಕಾನ್‌ನ ಆಕ್ಸೈಡ್), ಕಬ್ಬಿಣದ ಆಕ್ಸೈಡ್, ಇಂಥವು. ಪಿಯುಸಿ ಓದುವ ಮಕ್ಕಳು, ಮನೆ ಕಟ್ಟಿಸುತ್ತಿರುವ ನೆಂಟರು, ಬೋರ್‌ವೆಲ್ ನೀರಿನ ಚಿಂತೆ ಇರುವ ಸ್ನೇಹಿತರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಮೊದಲ ಮೂರು ಉತ್ತರ ಓದಿಕೊಂಡರೆ ಉಳಿದದ್ದು ಸಲೀಸು. ನಡುವೆ ಎಲ್ಲಿಂದ ಬೇಕಾದರೂ ಓದಬಹುದು.

ಆಕ್ಸೈಡ್ ಅಂದರೆ ಏನು? ನಮ್ಮ ಮನೆಯಲ್ಲಿ ಎಲ್ಲಿದೆ?

ಲೋಹವೋ ಸಿಲಿಕಾನೋ ಆಮ್ಲಜನಕದ ಜೊತೆ ಸೇರಿಕೊಂಡರೆ ಆಕ್ಸೈಡ್. ಹೊಳೆ ಮರಳು ಬಹುಪಾಲು ಸಿಲಿಕಾ. ಕಿಟಕಿಯ ಗಾಜೂ ಮುಖ್ಯವಾಗಿ ಅದೇ, ಜೊತೆಗೆ ಸೋಡಾ ಮತ್ತು ಸುಣ್ಣ. ಹಳೇ ಮನೆಯ ಕೆಂಪು ನೆಲಕ್ಕೆ ಬಣ್ಣ ಕೊಟ್ಟಿದ್ದು ಕಬ್ಬಿಣದ ಆಕ್ಸೈಡ್, ಅದಕ್ಕೇ ಅದನ್ನು ರೆಡ್ ಆಕ್ಸೈಡ್ ನೆಲ ಅನ್ನುವುದು. ಬಿಳಿ ಪೇಂಟಿನ ಬಿಳುಪು ಟೈಟಾನಿಯಂ ಡೈಆಕ್ಸೈಡ್‌ನದು. ಅಲ್ಯೂಮಿನಿಯಂ ಪಾತ್ರೆ ಮುಟ್ಟಿದಾಗ ಬೆರಳಿಗೆ ತಾಗುವುದು ಕೂಡ ಅಲ್ಯೂಮಿನಿಯಂ ಅಲ್ಲ, ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪಕ್ಕೆ ತಾನಾಗಿ ಬೆಳೆದುಕೊಂಡಿರುವ ಆಕ್ಸೈಡ್.

ಒರೆಸಿ ಒಣಗಿಸಿದ ಗಾಜಿನ ಮೇಲೂ ನೀರು ಇರುತ್ತದಾ?

ಇರುತ್ತದೆ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ನಮ್ಮ ಗಾಳಿಯಲ್ಲಿ ಬರಿಮೈಯ ಆಕ್ಸೈಡ್ ಅನ್ನುವುದೇ ಇಲ್ಲ. ಅದರ ಮೈಮೇಲೆ ಯಾವಾಗಲೂ ನೀರಿನಿಂದ ಆದ ಒಂದು ಚರ್ಮ ಇರುತ್ತದೆ. ನಾವು ನೋಡುವ, ಮುಟ್ಟುವ, ಫಿಲ್ಟರ್‌ನಲ್ಲಿ ಬಳಸುವ ಗುಣಗಳು ಬಹುಪಾಲು ಆ ಚರ್ಮದವು.

ಎಷ್ಟು ಬೇಗ ಆ ಚರ್ಮ ಬರುತ್ತದೆ ಅಂತ ಲೆಕ್ಕ ಹಾಕಬಹುದು. ಒಂದು ಹರಳನ್ನು ಈಗ ತಾನೇ ಒಡೆದಿದ್ದೀರಿ ಅಂದುಕೊಳ್ಳಿ. ನಮ್ಮ ಕೋಣೆಯ ಗಾಳಿಯಲ್ಲಿ ಎಷ್ಟು ನೀರಾವಿ ಇದೆ ಅಂದರೆ, ಬಂದು ಬಡಿದ ಪ್ರತಿ ಅಣುವೂ ಅಂಟಿಕೊಂಡರೆ ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದೊಳಗೆ ಇಡೀ ಮೇಲ್ಮೈ ಒಂದು ಪದರ ಮುಚ್ಚಿಹೋಗುತ್ತದೆ. ಬರಿ ಮೇಲ್ಮೈಯನ್ನೇ ನೋಡಬೇಕು ಅನ್ನುವವರು ಉಕ್ಕಿನ ಕೊಠಡಿಯಿಂದ ಗಾಳಿಯನ್ನೆಲ್ಲ ಎಳೆದು ಹಾಕಿ, ವಾತಾವರಣದ ಒತ್ತಡದ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಸುತ್ತಾರೆ. ಆಗ ಕೆಲವು ಗಂಟೆ ಸಿಗುತ್ತದೆ, ಅಷ್ಟೇ.

ನೀರು ಹೇಗೆ ಅಂಟಿಕೊಳ್ಳುತ್ತದೆ?

ಕೈ ಕೈ ಹಿಡಿದು ಸಾಲಾಗಿ ನಿಂತ ಮಕ್ಕಳನ್ನು ನೆನಪು ಮಾಡಿಕೊಳ್ಳಿ. ನಡುವಿನವರ ಎರಡೂ ಕೈಗೆ ಜೋಡಿ ಇದೆ. ಅಂಚಿನಲ್ಲಿರುವವನ ಒಂದು ಕೈ ಖಾಲಿ. ಹರಳಿನ ಒಳಗಿರುವ ಲೋಹದ ಅಯಾನಿಗೆ (ಅಯಾನು ಅಂದರೆ ಚಾರ್ಜ್ ಇರುವ ಕಣ) ಸುತ್ತಲೂ ಆಮ್ಲಜನಕ ಇರುತ್ತದೆ, ಮೇಲ್ಮೈಯಲ್ಲಿರುವುದಕ್ಕೆ ಒಂದೋ ಎರಡೋ ಕಡಿಮೆ. ಆ ಖಾಲಿ ಜಾಗಕ್ಕೆ ನೀರಿನ ಅಣು ತನ್ನ ಆಮ್ಲಜನಕದ ಕಡೆಯಿಂದ ಬಂದು ಕೂರುತ್ತದೆ.

ಕೂತ ಮೇಲೆ ಎರಡು ದಾರಿ. ಒಂದು, ಅಣು ಇಡಿಯಾಗಿಯೇ ಉಳಿಯುತ್ತದೆ. ಇನ್ನೊಂದು, ತನ್ನ ಒಂದು ಹೈಡ್ರೊಜನ್ನನ್ನು ಪಕ್ಕದ ಆಕ್ಸೈಡ್ ಆಮ್ಲಜನಕಕ್ಕೆ ಬಿಟ್ಟುಕೊಡುತ್ತದೆ. ಆಗ ಒಂದು ನೀರಿನಿಂದ ಎರಡು ಹೈಡ್ರಾಕ್ಸಿಲ್, ಅಂದರೆ ಒಂದು ಆಮ್ಲಜನಕ ಒಂದು ಹೈಡ್ರೊಜನ್‌ನ ಜೋಡಿ, ಹುಟ್ಟಿದ ಹಾಗಾಯಿತು, ಅಲ್ವಾ? ಈ ಹೈಡ್ರಾಕ್ಸಿಲ್‌ಗಳೇ ಆಗ ಹೇಳಿದ ಚರ್ಮ. ಚೆನ್ನಾಗಿ ನೀರು ಕುಡಿದ ಸಿಲಿಕಾ ಮೇಲ್ಮೈಯ ಒಂದು ಚದರ ನ್ಯಾನೊಮೀಟರ್‌ನಲ್ಲಿ ಸುಮಾರು 5 ಹೈಡ್ರಾಕ್ಸಿಲ್ ಇರುತ್ತವೆ. ಅವುಗಳ ಮೇಲೆ ಇಡೀ ನೀರಿನ ಅಣುಗಳು ಹೈಡ್ರೊಜನ್ ಬಂಧದಿಂದ ಸಡಿಲವಾಗಿ ಕೂರುತ್ತವೆ, ಅವುಗಳ ಮೇಲೆ ಇನ್ನೊಂದು ಪದರ. ಮಳೆಗಾಲದಲ್ಲಿ ಪದರ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ.

ಕಾಯಿಸಿದರೆ ಇವು ಒಟ್ಟಿಗೇ ಹೋಗುವುದಿಲ್ಲ. ಸಡಿಲವಾಗಿ ಕೂತ ನೀರು ನೂರು ಡಿಗ್ರಿಯ ಆಸುಪಾಸಿನಿಂದ 200 ಡಿಗ್ರಿಯೊಳಗೆ ಎದ್ದು ಹೋಗುತ್ತದೆ. ಹೈಡ್ರಾಕ್ಸಿಲ್‌ಗಳು ಹಟಮಾರಿಗಳು, ಇನ್ನೂ ಮೇಲಕ್ಕೆ ಕಾಯಿಸಬೇಕು. ಸಿಲಿಕಾವನ್ನು 400 ಡಿಗ್ರಿ ದಾಟಿಸಿ ಕಾಯಿಸಿದರೆ ಅಕ್ಕಪಕ್ಕದ ಹೈಡ್ರಾಕ್ಸಿಲ್‌ಗಳು ಸೇರಿ ನೀರಾಗಿ ಹೊರಟುಹೋಗುತ್ತವೆ, ಉಳಿದ ಮೇಲ್ಮೈಗೆ ನೀರಿನ ಮೇಲೆ ಮೊದಲಿನ ಪ್ರೀತಿ ಇರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಯೂಮಿನಾ ಪುಡಿಯನ್ನು ಕಾಯಿಸದೇ ತೂಗಿ ಒಂದು ವಾರದ ಲೆಕ್ಕ ತಪ್ಪಿಸಿದ್ದೆ. ತೂಕದಲ್ಲಿ ಅಷ್ಟು ಪಾಲು ನೀರೇ ಇತ್ತು.

ಎಲ್ಲಾ ಆಕ್ಸೈಡ್‌ಗಳೂ ನೀರನ್ನು ಒಡೆಯುತ್ತವಾ?

ಇಲ್ಲ. ಒಂದೇ ಆಕ್ಸೈಡ್‌ನಲ್ಲೂ ಜಾಗದಿಂದ ಜಾಗಕ್ಕೆ ಬೇರೆ. ಮೆಗ್ನೀಷಿಯಂ ಆಕ್ಸೈಡ್‌ನ ನುಣುಪಾದ ಚಪ್ಪಟೆ ಮೇಲ್ಮೈಯಲ್ಲಿ ಒಂಟಿ ನೀರಿನ ಅಣು ಇಡಿಯಾಗಿಯೇ ಇರುತ್ತದೆ. ಅದೇ ಹರಳಿನ ಮೆಟ್ಟಿಲಂಚು, ಮೂಲೆ, ಬಿರುಕುಗಳಲ್ಲಿ ಬೇಗ ಒಡೆಯುತ್ತದೆ. ಚಪ್ಪಟೆ ಜಾಗದಲ್ಲೂ ಹತ್ತಿರ ಹತ್ತಿರ ಹಲವು ಅಣುಗಳು ಸೇರಿದರೆ ಒಂದಕ್ಕೊಂದು ನೆರವಾಗಿ ಕೆಲವು ಒಡೆಯುತ್ತವೆ. ಟೈಟಾನಿಯಂ ಡೈಆಕ್ಸೈಡ್‌ನಲ್ಲಿ ಒಂದು ಆಮ್ಲಜನಕ ಕಿತ್ತುಹೋದ ಗುಂಡಿ ಇದ್ದರೆ ಅಲ್ಲಿ ನೀರು ಖಂಡಿತ ಒಡೆಯುತ್ತದೆ. ದೋಷವೇ ಇಲ್ಲದ ಜಾಗದಲ್ಲಿ ಒಡೆಯುತ್ತದೋ ಇಲ್ಲವೋ ಅಂತ ವಿಜ್ಞಾನಿಗಳು ದಶಕಗಳ ಕಾಲ ಜಗ್ಗಾಡಿದ್ದಾರೆ.

ಹಾಗಾಗಿ ಪುಸ್ತಕದಲ್ಲಿ ಬರೆಯುವ ಚಂದದ ಹರಳಿನ ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ನಿಜವಾದ ಪುಡಿಯ ಕಣದಲ್ಲಿ ಅಂಚು, ಮೂಲೆ, ಗುಂಡಿಗಳೇ ಜಾಸ್ತಿ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಮರಳಿಗೆ ಹಾಕಿದರೆ ಏನೂ ಆಗುವುದಿಲ್ಲ. ಎರಡೂ ಆಕ್ಸೈಡ್ ತಾನೇ?

ಬಹಳ ಒಳ್ಳೆಯ ಪ್ರಶ್ನೆ. ಎರಡರಲ್ಲೂ ಶುರು ಆಗುವುದು ಒಂದೇ ರೀತಿ, ಮೇಲ್ಮೈಯಲ್ಲಿ ನೀರು ಒಡೆದು ಹೈಡ್ರಾಕ್ಸಿಲ್ ಆಗುತ್ತದೆ. ಮರಳಿನಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಸಿಲಿಕಾನ್ ಮತ್ತು ಆಮ್ಲಜನಕದ ಬಂಧ ಗಟ್ಟಿ, ನಾಲ್ಕೂ ಕಡೆ ಬಲೆ ಹೆಣೆದಂತಿದೆ, ನೀರಿಗೆ ಒಳಗೆ ದಾರಿ ಇಲ್ಲ. ಸುಣ್ಣದಲ್ಲಿ ಕ್ಯಾಲ್ಸಿಯಂ ಅಯಾನು ದೊಡ್ಡದು, ಹಿಡಿತ ಸಡಿಲ, ಅಲ್ಲಿನ ಆಮ್ಲಜನಕ ಹೈಡ್ರೊಜನ್‌ಗಾಗಿ ಕಾದು ಕೂತಂತಿರುತ್ತದೆ. ಮೇಲಿನ ಪದರ ಹೈಡ್ರಾಕ್ಸೈಡ್ ಆದ ಕೂಡಲೇ ಉಬ್ಬಿ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ನೀರು ಕೆಳಗಿನ ಪದರಕ್ಕೆ ಹೋಗುತ್ತದೆ, ಅದೂ ಉಬ್ಬುತ್ತದೆ, ಹೀಗೆ ಮೇಲ್ಮೈಯ ಕತೆ ಇಡೀ ಕಲ್ಲಿನ ಕತೆಯಾಗಿ ಕಲ್ಲು ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಹಿರಿಯರು ಇದಕ್ಕೆ ಸುಣ್ಣ ಅರಳುವುದು ಅಂದರು. ಅದಕ್ಕಿಂತ ಸರಿಯಾದ ಮಾತು ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ.

ಅರಳಿದ ಸುಣ್ಣ ಮೊದಲಿನದರ ಸುಮಾರು ಎರಡರಷ್ಟು ಜಾಗ ತೆಗೆದುಕೊಳ್ಳುತ್ತದೆ. ಬಿಸಿಯೂ ಅಷ್ಟೇ ಜೋರು: ಒಂದು ಕಿಲೊ ಸುಟ್ಟ ಸುಣ್ಣ ಪೂರ್ತಿ ಅರಳಿದಾಗ ಬರುವ ಶಾಖಕ್ಕೆ ಮೂರೂವರೆ ಲೀಟರ್‌ಗಿಂತ ಹೆಚ್ಚು ತಣ್ಣೀರನ್ನು ಕುದಿಸುವ ಶಕ್ತಿ ಇದೆ. ಅದಕ್ಕೇ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ನೀರಿಗೆ ಹಾಕಬೇಕು, ರಾಶಿ ಸುಣ್ಣದ ಮೇಲೆ ಸ್ವಲ್ಪ ನೀರು ಸುರಿಯಬಾರದು. ಇನ್ನೊಂದು ಮಾತು. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಗದಂತೆ ಇಡಿ. ಹಿಂಡಿದಾಗ ಕಣ್ಣಿಗೆ ಸಿಡಿದು ದೃಷ್ಟಿಯೇ ಹೋದ ಮಕ್ಕಳಿದ್ದಾರೆ. ಸಿಡಿದರೆ ಆ ಕ್ಷಣದಿಂದಲೇ ಧಾರಾಳವಾಗಿ ನೀರು ಹಾಕಿ ತೊಳೆಯುತ್ತಾ ಇರಿ, ಆಮೇಲೆ ಆಸ್ಪತ್ರೆಗೆ ಓಡಿ.

ಹೊಸ ಇಟ್ಟಿಗೆಯಿಂದ ಚಕ್ಕೆ ಎದ್ದು, ಒಳಗೆ ಬಿಳಿ ಚುಕ್ಕೆ ಕಾಣುತ್ತಿದೆ. ಯಾಕೆ?

ಮೇಲಿನ ಉತ್ತರವೇ ಇದಕ್ಕೂ. ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಉಳಿದಿತ್ತು, ಗೂಡಿನಲ್ಲಿ ಅದು ಸುಟ್ಟ ಸುಣ್ಣವಾಯಿತು. ತುಂಬಾ ಕಾಯ್ದ ಸುಣ್ಣ ನಿಧಾನಕ್ಕೆ ಅರಳುತ್ತದೆ. ಗೋಡೆ ಕಟ್ಟಿ, ಗಾರೆ ಆಗಿ, ಮಳೆಗಾಲದ ತೇವ ಸೇರಿದ ಮೇಲೆ ಅದು ಎರಡರಷ್ಟು ಉಬ್ಬಿ ಇಟ್ಟಿಗೆಯ ಮುಖವನ್ನೇ ಎಬ್ಬಿಸುತ್ತದೆ. ಕೊಳ್ಳುವ ಮುಂಚೆ ನಾಲ್ಕು ಇಟ್ಟಿಗೆ ಒಡೆದು ನೋಡಿ, ಒಳಗೆ ಬಿಳಿ ಹರಳು ಕಂಡರೆ ಬೇಡ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿದರೆ ಒಳಗೆ ಕಪ್ಪಾಗುತ್ತದೆ. ವಿಷವಾ?

ವಿಷ ಅಲ್ಲ. ಬಿಸಿನೀರಿನಲ್ಲಿ ಆ ತೆಳು ಆಕ್ಸೈಡ್ ಪದರ ನೀರು ಸೇರಿಸಿಕೊಂಡು ದಪ್ಪವಾಗುತ್ತದೆ. ಗಡಸು ನೀರಿನ ಲವಣಗಳೂ ಸೇರಿ ಬಣ್ಣ ಕಪ್ಪಾಗಿ ಕಾಣುತ್ತದೆ. ಹುಣಸೆಹುಳಿ ಹಾಕಿ ಕುದಿಸಿದರೆ ಮತ್ತೆ ಬೆಳ್ಳಗಾಗುತ್ತದೆ, ಯಾಕೆಂದರೆ ಹುಳಿ ಆ ಪದರವನ್ನು ಕರಗಿಸುತ್ತದೆ. ಇದೇ ಕಾರಣಕ್ಕೆ ಹುಳಿ, ಉಪ್ಪಿನಕಾಯಿಗಳನ್ನು ಬರಿ ಅಲ್ಯೂಮಿನಿಯಂನಲ್ಲಿ ಇಡಬಾರದು.

ಅಲ್ಯೂಮಿನಿಯಂಗೆ ಆಕ್ಸೈಡ್ ಕವಚ ಆಗುತ್ತದೆ. ಕಬ್ಬಿಣಕ್ಕೆ ತುಕ್ಕು ಯಾಕೆ ಕವಚ ಆಗುವುದಿಲ್ಲ?

ಅಲ್ಯೂಮಿನಿಯಂನ ಪದರ ಒತ್ತೊತ್ತಾಗಿ ಲೋಹಕ್ಕೆ ಅಂಟಿಕೊಂಡು ಕೂರುತ್ತದೆ. ತುಕ್ಕು ಹಾಗಲ್ಲ. ಅದು ಆಕ್ಸೈಡ್ ಮತ್ತು ಹೈಡ್ರಾಕ್ಸೈಡ್‌ಗಳ ಕಲಬೆರಕೆ, ತೂತು ತೂತು, ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣಕ್ಕೆ ಕೊಡುತ್ತಾ ಇರುತ್ತದೆ. ಕಬ್ಬಿಣದಲ್ಲೂ ಕವಚ ಆಗುವುದುಂಟು. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ಹಳೆಯದು. ಅದರ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇದ್ದದ್ದರಿಂದ ತುಕ್ಕಿನ ಕೆಳಗೆ ಒತ್ತಾದ ಪದರವೊಂದು ಬೆಳೆಯಿತು ಅನ್ನುವುದನ್ನು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದರು. ನಮ್ಮ ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆಯೂ ಒಂದು ಹಳೇ ಕಬ್ಬಿಣದ ಕಂಬ ಇದೆ, ಅಂಥ ಮಳೆಯಲ್ಲಿ ನಿಂತಿದೆ. ಹೋದಾಗ ಕಂಬದ ಮೈಯನ್ನು ಹತ್ತಿರದಿಂದ ನೋಡಿ ಬನ್ನಿ.

ಪಿಎಚ್ ಬದಲಾದರೆ ಆಕ್ಸೈಡ್ ಮೇಲ್ಮೈಗೆ ಏನಾಗುತ್ತದೆ?

ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅದು ಬದಲಾದರೆ ಮೇಲ್ಮೈಯ ಚಾರ್ಜ್ ಬದಲಾಗುತ್ತದೆ. ಹುಳಿ ನೀರಿನಲ್ಲಿ ಹೈಡ್ರೊಜನ್ ಅಯಾನು ಧಾರಾಳ, ಮೇಲ್ಮೈಯ ಹೈಡ್ರಾಕ್ಸಿಲ್ ಅದನ್ನು ಹಿಡಿದು ಧನ ಚಾರ್ಜ್ ಪಡೆಯುತ್ತದೆ. ಕ್ಷಾರದ ನೀರಿನಲ್ಲಿ ತನ್ನ ಹೈಡ್ರೊಜನ್ ಬಿಟ್ಟು ಋಣ ಆಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಎರಡೂ ಸಮ. ಆ ಪಿಎಚ್ ಪ್ರತಿ ಆಕ್ಸೈಡ್‌ಗೂ ಬೇರೆ: ಸಿಲಿಕಾಗೆ 2ರಿಂದ 3, ಟೈಟಾನಿಯಂ ಡೈಆಕ್ಸೈಡ್‌ಗೆ ಸುಮಾರು 6, ಕಬ್ಬಿಣದ ಆಕ್ಸೈಡ್‌ಗಳಿಗೆ ಸಾಮಾನ್ಯವಾಗಿ 7ರಿಂದ 9, ಅಲ್ಯೂಮಿನಾಗೆ 8ರಿಂದ 9, ಮೆಗ್ನೀಷಿಯಂ ಆಕ್ಸೈಡ್‌ಗೆ 12ರ ಹತ್ತಿರ.

ಒಣ ಅಂಕಿ ಅನ್ನಿಸಬಹುದು. ಆದರೆ ಮುಂದಿನ ಮೂರು ಉತ್ತರಗಳು ನಿಂತಿರುವುದೇ ಇದರ ಮೇಲೆ. ಮಾಮೂಲಿ ಕುಡಿಯುವ ನೀರಿನ ಪಿಎಚ್ 7ರ ಆಸುಪಾಸು. ಅಲ್ಲಿ ಮರಳು ಋಣ, ಅಲ್ಯೂಮಿನಾ ಧನ. ಅಂದರೆ ಋಣ ಅಯಾನಾದ ಫ್ಲೋರೈಡನ್ನು ಮರಳು ದೂರ ತಳ್ಳುತ್ತದೆ, ಅಲ್ಯೂಮಿನಾ ಹತ್ತಿರ ಕರೆಯುತ್ತದೆ.

ಬೋರ್‌ವೆಲ್ ನೀರಿನ ಫ್ಲೋರೈಡ್ ತೆಗೆಯಲು ಅಲ್ಯೂಮಿನಾ ಫಿಲ್ಟರ್ ಸಾಕಾ?

ಸರಿಯಾಗಿ ನೋಡಿಕೊಂಡರೆ ಸಾಕು. ಸುಮ್ನೆ ತಂದು ಇಟ್ಟರೆ ಸಾಲದು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹಲ್ಲಿನ ಕಂದು ಗೆರೆ, ಬಗ್ಗದ ಸೊಂಟ, ಗಂಟು ನೋವು, ಇವನ್ನು ಮನೆಯಲ್ಲೇ ನೋಡಿದ್ದಾರೆ. ನಮ್ಮ ದೇಶದ ಮಾನಕ ಲೀಟರಿಗೆ 1 ಮಿಲಿಗ್ರಾಂ ಇರಲಿ ಅನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತದೆ. ಆಳದ ಗ್ರಾನೈಟ್ ಬಂಡೆಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಇದು ಸುಲಭವಾಗಿ ದಾಟಿಹೋಗುತ್ತದೆ.

ಆಕ್ಟಿವೇಟೆಡ್ ಅಲ್ಯೂಮಿನಾ ಅಂದರೆ ಒಳಗೆಲ್ಲ ಸಣ್ಣ ಸಣ್ಣ ತೂತಿರುವ ಬಿಳಿ ಗುಂಡು. ಒಂದು ಗ್ರಾಂ ಗುಂಡಿನ ಒಳಗಿನ ಮೇಲ್ಮೈಯನ್ನೆಲ್ಲ ಬಿಚ್ಚಿ ಹಾಸಿದರೆ 200ರಿಂದ 350 ಚದರ ಮೀಟರ್ ಆಗುತ್ತದೆ, ಒಂದು ಒಳ್ಳೆಯ ಮನೆಗಿಂತ ದೊಡ್ಡದು. ಆ ಮೇಲ್ಮೈಯ ಹೈಡ್ರಾಕ್ಸಿಲ್ ಎದ್ದು, ಅದರ ಜಾಗಕ್ಕೆ ಫ್ಲೋರೈಡ್ ಕೂರುತ್ತದೆ. ಇದು ಜಾಲರಿಯಲ್ಲಿ ಸೋಸಿದ ಹಾಗಲ್ಲ, ಕುರ್ಚಿ ಬದಲಾಯಿಸಿದ ಹಾಗೆ. ಕುರ್ಚಿಗಳು ಎಷ್ಟಿವೆಯೋ ಅಷ್ಟೇ.

ತೊಂದರೆ ಇರುವುದು ಇಲ್ಲೇ. ಇದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5.5ರಿಂದ 6ರಲ್ಲಿ, ಮೇಲ್ಮೈ ಪೂರಾ ಧನ ಇರುವಾಗ. ಫ್ಲೋರೈಡ್ ಜಾಸ್ತಿ ಇರುವ ನಮ್ಮ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ಇರುತ್ತದೆ, ಬೈಕಾರ್ಬೊನೇಟ್ ಕೂಡ ತುಂಬಾ, ಅದೂ ಅದೇ ಕುರ್ಚಿಗೆ ಪೈಪೋಟಿ ಮಾಡುತ್ತದೆ. ಹಾಗಾಗಿ ಕಂಪನಿಯ ಕಾಗದದಲ್ಲಿ ಬರೆದಷ್ಟು ಲೀಟರ್ ನಿಮ್ಮ ಊರಿನ ನೀರಿನಲ್ಲಿ ಬರದೇ ಇರಬಹುದು. ಕುರ್ಚಿ ತುಂಬಿದ ಮೇಲೆ ಕಾಸ್ಟಿಕ್ ಸೋಡಾ ದ್ರಾವಣದಿಂದ ತೊಳೆದರೆ ಮೇಲ್ಮೈ ಋಣವಾಗಿ ಫ್ಲೋರೈಡನ್ನು ಹೊರಗೆ ತಳ್ಳುತ್ತದೆ, ಆಮೇಲೆ ಸ್ವಲ್ಪ ಆಮ್ಲದಿಂದ ಸರಿ ಮಾಡಿ ಮತ್ತೆ ಬಳಸಬಹುದು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ತೊಳೆದ ನೀರಿನಲ್ಲಿ ಫ್ಲೋರೈಡ್ ತುಂಬಿರುತ್ತದೆ, ಅದನ್ನು ಕೆರೆಗೋ ಬಾವಿ ಪಕ್ಕಕ್ಕೋ ಬಿಡಬಾರದು.

ನಾನು ಒಂದು ಹಳ್ಳಿಯಲ್ಲಿ ನೋಡಿದ್ದೇನೆ. ಫಿಲ್ಟರ್ ಇತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಜನ ನಂಬಿ ಕುಡಿಯುತ್ತಿದ್ದರು. ಅದನ್ನು ಹಾಕಿದವರು ಒಮ್ಮೆಯೂ ಬಂದು ತೊಳೆದಿರಲಿಲ್ಲ. ಒಳಗೆ ಹೋದಷ್ಟೇ ಫ್ಲೋರೈಡ್ ಹೊರಗೂ ಬರುತ್ತಿತ್ತು. ಫ್ಲೋರೈಡ್‌ಗೆ ಇಷ್ಟು ಪ್ರಮಾಣದಲ್ಲಿ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಫಿಲ್ಟರ್ ಸತ್ತಿದೆ ಅಂತ ನಾಲಿಗೆ ಹೇಳುವುದಿಲ್ಲ, ಪರೀಕ್ಷೆಯೇ ಹೇಳಬೇಕು. ದಯವಿಟ್ಟು ಫಿಲ್ಟರ್‌ನಿಂದ ಹೊರಬರುವ ನೀರನ್ನು ಆಗಾಗ ಪರೀಕ್ಷೆಗೆ ಕೊಡಿ. ಕುದಿಸಿ ಕುಡಿದರೂ ಪ್ರಯೋಜನ ಇಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ದಟ್ಟವಾಗುತ್ತದೆ.

ಆರ್ಸೆನಿಕ್‌ಗೂ ಇದೇ ಉಪಾಯವಾ?

ಉಪಾಯ ಅದೇ, ಆಕ್ಸೈಡ್ ಬೇರೆ. ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸೈಡ್ ಒಳ್ಳೆಯದು. ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದಲ್ಲಿ ಕೆರೆ ನೀರಿನ ರೋಗಗಳಿಂದ ತಪ್ಪಿಸಿಕೊಳ್ಳಲು ಕೊಳವೆಬಾವಿ ತೋಡಿದರು, ಆ ನೀರಿನಲ್ಲಿ ಆರ್ಸೆನಿಕ್ ಇತ್ತು. ಹಿಮಾಲಯದ ಕಡೆಯಿಂದ ನದಿ ತಂದ ಮಣ್ಣಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡ್ ಲೇಪ ಇತ್ತು, ಅದು ಆರ್ಸೆನಿಕ್ಕನ್ನು ಹಿಡಿದಿಟ್ಟಿತ್ತು. ನೆಲದಡಿಯಲ್ಲಿ ಗಾಳಿ ಇಲ್ಲದ ಕಡೆ ಸೂಕ್ಷ್ಮಜೀವಿಗಳು ಆ ಆಕ್ಸೈಡನ್ನೇ ಕರಗಿಸಿದವು, ಹಿಡಿತ ಬಿಟ್ಟುಹೋಗಿ ಆರ್ಸೆನಿಕ್ ನೀರಿಗೆ ಇಳಿಯಿತು. ಮೇಲೆತ್ತಿದ ಮೇಲೆ ಮತ್ತೆ ಕಬ್ಬಿಣದ ಆಕ್ಸೈಡ್‌ನಿಂದಲೇ ಅದನ್ನು ಹಿಡಿಯಬೇಕು. ಬಾಂಗ್ಲಾದೇಶ ಮೂಲದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಂ ಅವರ ಸೋನೊ ಅನ್ನುವ ಆರ್ಸೆನಿಕ್ ಫಿಲ್ಟರ್‌ಗೆ 2007ರಲ್ಲಿ ಅಮೆರಿಕದ ಗ್ರೇಂಜರ್ ಬಹುಮಾನ ಬಂತು, ಅದರ ಹೃದಯ ಕಬ್ಬಿಣವೇ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡದ ಅಮೃತ್ ಅನ್ನುವ ವಸ್ತುವೂ ನ್ಯಾನೊ ಗಾತ್ರದ ಕಬ್ಬಿಣದ ಆಕ್ಸೈಡ್ ಹೈಡ್ರಾಕ್ಸೈಡ್.

ಆರ್ಸೆನಿಕ್‌ಗೆ ಎರಡು ರೂಪ. ಆರ್ಸೆನೇಟ್ ಋಣ ಚಾರ್ಜ್‌ನದು, ಸುಲಭವಾಗಿ ಹಿಡಿಯಬಹುದು. ಆರ್ಸೆನೈಟ್‌ಗೆ ಮಾಮೂಲಿ ಪಿಎಚ್‌ನಲ್ಲಿ ಚಾರ್ಜ್ ಇಲ್ಲ, ಹಾಗಾಗಿ ಅದನ್ನು ಹಿಡಿಯುವುದು ಕಷ್ಟ. ಮೊದಲು ಅದನ್ನು ಆರ್ಸೆನೇಟ್ ಮಾಡಿಕೊಂಡರೆ ಕೆಲಸ ಹಗುರ.

ಮಲೆನಾಡಿನ ಕೆಂಪು ಮಣ್ಣಿಗೆ ಎಷ್ಟು ರಂಜಕ ಗೊಬ್ಬರ ಹಾಕಿದರೂ ಗಿಡಕ್ಕೆ ಸಿಗುವುದಿಲ್ಲ ಅನ್ನುತ್ತಾರೆ, ನಿಜವಾ?

ಬಹುಮಟ್ಟಿಗೆ ನಿಜ. ಆರ್ಸೆನೇಟ್ ಮತ್ತು ರಂಜಕದ ಫಾಸ್ಫೇಟ್ ಅಣ್ಣತಮ್ಮಂದಿರ ಹಾಗೆ, ಆಕಾರ ಒಂದೇ, ಚಾರ್ಜೂ ಹೆಚ್ಚು ಕಡಿಮೆ ಒಂದೇ. ಫಿಲ್ಟರ್‌ನಲ್ಲಿ ಆರ್ಸೆನಿಕ್ ಹಿಡಿಯುವ ಕಬ್ಬಿಣದ ಆಕ್ಸೈಡ್ ಹೊಲದಲ್ಲಿ ಫಾಸ್ಫೇಟ್ ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡರ ಆಕ್ಸೈಡೂ ಧಾರಾಳ, ಮಣ್ಣು ಹುಳಿ ಬೇರೆ, ಮೇಲ್ಮೈ ಧನ ಆಗಿರುತ್ತದೆ. ಸುಣ್ಣ ಹಾಕಿದರೆ ಪಿಎಚ್ ಏರಿ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಕೊಟ್ಟಿಗೆ ಗೊಬ್ಬರದಿಂದ ಬರುವ ಸಾವಯವ ಆಮ್ಲಗಳು ಆ ಕುರ್ಚಿಗಳಲ್ಲಿ ತಾವೇ ಕೂತು ಫಾಸ್ಫೇಟನ್ನು ಬಿಟ್ಟುಕೊಡುತ್ತವೆ. ಗೊಬ್ಬರವನ್ನು ಎರಚದೆ ಬೇರಿನ ಹತ್ತಿರ ಹಾಕಿದರೂ ಲಾಭ, ಕಡಿಮೆ ಮಣ್ಣಿಗೆ ತಾಗುತ್ತದೆ.

ತಾನೇ ತೊಳೆದುಕೊಳ್ಳುವ ಗಾಜು ಅಂತ ಮಾರುತ್ತಾರಲ್ಲ, ಅದು ಏನು?

ಟೈಟಾನಿಯಂ ಡೈಆಕ್ಸೈಡ್‌ನ ಕಣ್ಣಿಗೆ ಕಾಣದ ಲೇಪ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಈ ಆಕ್ಸೈಡ್ ಮೇಲೆ ನೇರಳಾತೀತ ಬೆಳಕು ಬಿಟ್ಟು ನೀರನ್ನು ಹೈಡ್ರೊಜನ್ ಮತ್ತು ಆಮ್ಲಜನಕವಾಗಿ ಒಡೆದದ್ದನ್ನು ಪ್ರಕಟಿಸಿದರು. 1997ರಲ್ಲಿ ಇನ್ನೊಂದು ಗುಣ ಗೊತ್ತಾಯಿತು: ಬಿಸಿಲು ಬಿದ್ದ ಈ ಮೇಲ್ಮೈಯಲ್ಲಿ ನೀರು ಹನಿಯಾಗಿ ನಿಲ್ಲುವುದಿಲ್ಲ, ಹಾಳೆಯ ಹಾಗೆ ಹರಡುತ್ತದೆ. ಬೆಳಕು ಜಿಡ್ಡನ್ನು ಸುಡುತ್ತದೆ, ಮಳೆ ನೀರು ಹರಡಿ ಕೊಳೆಯನ್ನು ಎಳೆದುಕೊಂಡು ಹೋಗುತ್ತದೆ. ಕತ್ತಲಲ್ಲಿ ಇಟ್ಟರೆ ಕೆಲವು ದಿನದಲ್ಲಿ ಮತ್ತೆ ಹನಿ ನಿಲ್ಲತೊಡಗುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ನೀರಿಗೆ ತಾಗಿದ ಈ ಆಕ್ಸೈಡ್ ಮೇಲೆ ಅಚ್ಚುಕಟ್ಟಾಗಿ ಜೋಡಿಸಿದಂಥ ಒಂದು ಪದರ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿತ್ತು. ನೀರೇ ಹಾಗೆ ಸಾಲುಗಟ್ಟಿದೆ ಅಂತ ಹಲವರು ಬರೆದರು. 2018ರಲ್ಲಿ ವಿಯೆನ್ನಾದ ಉಲ್ರಿಕೆ ಡೀಬೋಲ್ಡ್ ತಂಡ ಮತ್ತು ಕಾರ್ನೆಲ್‌ನ ಮೆಲಿಸ್ಸಾ ಹೈನ್ಸ್ ಪರೀಕ್ಷೆ ಮಾಡಿದರು. ಗಾಳಿ ತಾಗದ ಅತಿ ಶುದ್ಧ ನೀರನ್ನು ಹಾಕಿದಾಗ ಆ ಪದರ ಬರಲೇ ಇಲ್ಲ. ಅದು ನೀರಲ್ಲ, ಗಾಳಿಯಲ್ಲಿ ಅತ್ಯಲ್ಪ ಇರುವ ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲ. ನೀರಿನ ಅಣು ಒಂದು ಕೈಯಿಂದ ಹಿಡಿಯುತ್ತದೆ, ಈ ಆಮ್ಲಗಳು ಎರಡು ಆಮ್ಲಜನಕದಿಂದ ಎರಡು ಟೈಟಾನಿಯಂಗಳನ್ನು ಹಿಡಿಯುತ್ತವೆ. ಅದಕ್ಕೇ ಅಷ್ಟೊಂದು ನೀರಿನ ನಡುವೆಯೂ ಜಾಗ ಅವುಗಳ ಪಾಲಾಗುತ್ತದೆ.

ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಮತ್ತೆ ಬಳಸಬಹುದಾ?

ಬಳಸಬಹುದು. ಒಂದು ಗ್ರಾಂನಲ್ಲಿ 600ರಿಂದ 800 ಚದರ ಮೀಟರ್ ಮೇಲ್ಮೈ, ತುಂಬಾ ಹೈಡ್ರಾಕ್ಸಿಲ್, ತೇವದ ಗಾಳಿಯಲ್ಲಿ ತನ್ನ ತೂಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರು ಹಿಡಿಯುತ್ತದೆ. ಹೀರಿದ ನೀರು ಸಡಿಲವಾಗಿ ಕೂತದ್ದೇ, ಕಾಯಿಸಿದರೆ ಹೋಗುತ್ತದೆ. ಪೊಟ್ಟಣದಿಂದ ಗುಂಡುಗಳನ್ನು ತಟ್ಟೆಗೆ ಸುರಿದು ಓವನ್‌ನಲ್ಲಿ 120 ಡಿಗ್ರಿಯ ಹತ್ತಿರ ಎರಡು ಮೂರು ಗಂಟೆ ಇಡಿ. ಬೇಗ ಆಗಲಿ ಅಂತ ತುಂಬಾ ಕಾಯಿಸಿದರೆ ಹೈಡ್ರಾಕ್ಸಿಲ್‌ಗಳೂ ಹೋಗಿ ಹೀರುವ ಶಕ್ತಿ ಕುಂದುತ್ತದೆ. ನೀಲಿ ಬಣ್ಣದ್ದಾಗಿದ್ದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್‌ಗೆ ಹಾಕಬೇಡಿ, ಮಕ್ಕಳಿಂದಲೂ ದೂರ ಇಡಿ. ಕಾಯ್ದ ಗುಂಡುಗಳು ಬೆಚ್ಚಗಿರುವಾಗಲೇ ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ತಟ್ಟೆಯಲ್ಲೇ ಬಿಟ್ಟರೆ ಮರುದಿನ ಬೆಳಗಾಗುವ ಹೊತ್ತಿಗೆ ಮತ್ತೆ ನೀರು ತುಂಬಿಕೊಂಡಿರುತ್ತವೆ.